ನಿಮ್ಮ ಪಾಲಿನ ಆರು ತಿಂಗಳು

ಎದುರು ತಂಡದ ಗೆಳೆಯ ಕಂಠಿಗೆ,

ನೀನು ಹೋಗಿ ಏಳು ತಿಂಗಳಾಯಿತು. ಇದ್ದಾಗ ಒಂದು ಸಾಲು ಬರೆಯದವನು ಈಗ ಕಾಗದ ಬರೆಯುತ್ತಿದ್ದಾನೆ ಅಂತ ನಗಬೇಡ. ವಿದ್ಯಾರಣ್ಯಪುರಂನಿಂದ ಕುವೆಂಪುನಗರಕ್ಕೆ ಯಾರಾದರೂ ಕಾಗದ ಬರೆಯುತ್ತಾರೆಯೇ? ಸ್ಕೂಟರ್ ಹತ್ತಿದರೆ ನಿಮ್ಮನೆ ಹತ್ತು ನಿಮಿಷದ ದಾರಿ. ಬಂದು ಹೇಳಬಹುದಿತ್ತು. ಮೂವತ್ತಾರು ವರ್ಷ ಹೇಳಲಿಲ್ಲ.

ಮೊನ್ನೆ ಒಂದು ಮದುವೆಗೆ ಹೋಗಿದ್ದೆ. ನಮ್ಮ ಹಳೇ ಗ್ರೌಂಡಿನಲ್ಲಿ ಈಗ ಕಲ್ಯಾಣಮಂಟಪ ಎದ್ದಿದೆಯಲ್ಲ, ಅಲ್ಲೇ. ಎಲೆ ಮುಂದೆ ಕೂತು ಅಂದಾಜು ಹಾಕಿದೆ: ನಾನು ಕೂತಿದ್ದು ಸರಿಯಾಗಿ ಪೆನಾಲ್ಟಿ ಬಾಕ್ಸಿನಲ್ಲಿ. ಪಕ್ಕದವರಿಗೆ ಹೇಳಿದರೆ ಅವರು ಪಾಯಸದವನನ್ನು ಹುಡುಕುತ್ತಿದ್ದರು. ಇಲ್ಲಿ ಫುಟ್‌ಬಾಲ್ ನಡೆಯುತ್ತಿತ್ತು ಅಂದರೆ ನಂಬುವವರು ಈಗ ಎಷ್ಟು ಜನ ಉಳಿದಿದ್ದಾರೆ, ಹೇಳು?

ದಸರಾ ಮುಗಿದು ಊರು ಸುಮ್ಮನಾಗುತ್ತಿದ್ದ ಹಾಗೇ ಗ್ರೌಂಡಿನಲ್ಲಿ ಸುಣ್ಣದ ಗೆರೆ ಬೀಳುತ್ತಿದ್ದದ್ದು ನೆನಪಿದೆಯಾ? ಪಂದ್ಯಾವಳಿಗೆ ಊದುಬತ್ತಿ ಕಾರ್ಖಾನೆಯ ಸಾಹುಕಾರರು ತಮ್ಮ ತಂದೆಯ ಹೆಸರಿಟ್ಟಿದ್ದರು. ಆ ಉದ್ದನೆಯ ಹೆಸರು ಯಾರ ಬಾಯಲ್ಲೂ ನಿಲ್ಲಲಿಲ್ಲ. ಎಲ್ಲರಿಗೂ ಅದು ಬರೀ ಶೀಲ್ಡ್ ಮ್ಯಾಚು. ಸರ್ವೆ ಮರದ ಗೋಲು ಕಂಬ, ಅದಕ್ಕೆ ಮೀನಿನ ಬಲೆ. ನಂಜನಗೂಡು, ಹುಣಸೂರು, ಮಂಡ್ಯದಿಂದ ತಂಡಗಳು ಬರುತ್ತಿದ್ದವು. ಕೊಳ್ಳೇಗಾಲದ ಹುಡುಗರು ಬರಿಗಾಲಲ್ಲಿ ಆಡಿ ಬೂಟು ಹಾಕಿದ್ದ ಕಾಲೇಜಿನವರನ್ನು ಮನೆಗೆ ಕಳಿಸಿದ ದಿನ ಜನ ಸೈಕಲ್ ಕ್ಯಾರಿಯರ್ ಮೇಲೆ ನಿಂತು ನೋಡಿದರು. ನಮ್ಮಮ್ಮ ಹನ್ನೊಂದು ಬನಿಯನ್ನುಗಳಿಗೆ ಹಂಡೆಯಲ್ಲಿ ನೀಲಿ ಬಣ್ಣ ಹಾಕುತ್ತಿದ್ದಳು. ಬೆವರಿಗೆ ಅದು ಬಿಟ್ಟು, ಪಂದ್ಯ ಮುಗಿಯುವ ಹೊತ್ತಿಗೆ ನಾವೆಲ್ಲ ನೀಲಿ ದೇವರಾಗಿರುತ್ತಿದ್ದೆವು. ನೀನು ಅದಕ್ಕೂ ಒಂದು ಮಂಗಳಾರತಿ ಹಾಡು ಕಟ್ಟಿದ್ದೆ.

ಸಾಹುಕಾರರು ಮಾಡಿದ ನಿಯಮ ಒಂದಿತ್ತು. ಫೈನಲ್ ಸಮವಾದರೆ ಮಾರನೇ ದಿನ ಮತ್ತೆ ಆಡಬೇಕು. ಆಗಲೂ ಸಮವಾದರೆ ಇಬ್ಬರೂ ಗೆದ್ದ ಹಾಗೆ. ಪೆನಾಲ್ಟಿ ಒದೆಸಿ ತೀರ್ಮಾನ ಮಾಡುವುದು ಅವರಿಗೆ ಆಗದು. ಹನ್ನೊಂದು ಜನ ಆಡಿದ್ದನ್ನು ಒಬ್ಬನ ಕಾಲಿಗೆ ಕಟ್ಟಬಾರದು ಅನ್ನುತ್ತಿದ್ದರು. ಶೀಲ್ಡು ಆರು ತಿಂಗಳು ಇವರಲ್ಲಿ, ಆರು ತಿಂಗಳು ಅವರಲ್ಲಿ. ಯಾರು ಮೊದಲು ಅನ್ನುವುದಕ್ಕೆ ಟಾಸು. ತಮ್ಮ ಸರದಿ ಇರುವಾಗ ತಮ್ಮ ತಂಡದ ಹೆಸರನ್ನು ಆ ವರ್ಷದ ಬೆಳ್ಳಿ ತಗಡಿನ ಅರ್ಧದಲ್ಲಿ ಕೆತ್ತಿಸಿಕೊಳ್ಳಬೇಕು. ಸರದಿ ಮುಗಿದ ದಿನ ತಾವೇ ಸೈಕಲ್ಲಿನಲ್ಲಿ ಎದುರು ತಂಡದವರ ಮನೆಗೆ ಮುಟ್ಟಿಸಬೇಕು. ಅವರು ಉಪ್ಪಿಟ್ಟು ಕೇಸರಿಬಾತು ಹಾಕಬೇಕು.

ಕೊನೆಯ ಫೈನಲ್ಲನ್ನು ನಿನಗೆ ನಾನು ವರ್ಣಿಸಬೇಕೇ? ನಮ್ಮ ವಿದ್ಯಾರಣ್ಯಪುರಂ, ನಿಮ್ಮ ಚಾಮುಂಡಿಪುರಂ. ಅಕ್ಕಪಕ್ಕದ ಬೀದಿಗಳ ಜಗಳ. ಮೊದಲ ದಿನ ಗೋಲಿಲ್ಲ. ಎರಡನೇ ದಿನ ನಾವು ಒಂದು ಗೋಲು ಮುಂದಿದ್ದೆವು, ಉಳಿದಿದ್ದು ಮೂರೇ ನಿಮಿಷ. ಆಗ ನೀನು ಒದ್ದೆ. ಒದ್ದೆ ಅನ್ನುವುದೂ ದೊಡ್ಡ ಮಾತು, ಚೆಂಡು ತಾನಾಗಿ ಉರುಳಿಕೊಂಡು ಬಂತು. ಗೋಲು ಕಾಯುತ್ತಿದ್ದ ನಾನು ಬಗ್ಗಿದೆ, ಅದು ನನ್ನ ಎರಡು ಕಾಲಿನ ನಡುವೆ… ಸಾಕು. ಟಾಸು ಗೆದ್ದು ಶೀಲ್ಡು ಮೊದಲು ನಮಗೇ ಬಂತು. ಆದರೆ ಊರಿನ ಬಾಯಿ ಮುಚ್ಚಿಸುವವರು ಯಾರು? ತರಕಾರಿ ಅಂಗಡಿಗೆ ಹೋದರೂ ಕಾಲು ಜೋಡಿಸಿ ನಿಂತ್ಕೋ ಅನ್ನುತ್ತಿದ್ದರು. ನೀವು ಸಮ ಮಾಡಿಕೊಂಡಿರಿ, ನಾನು ಸೋತೆ.

ನಾಲ್ಕನೇ ತಿಂಗಳಲ್ಲಿ ಸಾಹುಕಾರರು ತೀರಿಕೊಂಡರು. ಮಕ್ಕಳಿಗೆ ಚೆಂಡಾಟ ಬೇಕಿರಲಿಲ್ಲ, ಗ್ರೌಂಡನ್ನು ಮಾರುತ್ತಾರೆ ಎಂಬ ಸುದ್ದಿ ಹಬ್ಬಿತು. ಪಂದ್ಯಾವಳಿ ಮುಗಿಯಿತು ಅಂತ ಎಲ್ಲರಿಗೂ ಗೊತ್ತಾಯಿತು. ನನ್ನ ತಲೆಯಲ್ಲಿ ಆಗಲೇ ಒಂದು ಹುಳ ಹೊಕ್ಕಿತು. ಕೊನೆಯ ತಗಡಿನಲ್ಲಿ ನಮ್ಮ ಹೆಸರೊಂದೇ ಇದೆ. ಹೀಗೇ ಉಳಿದರೆ ಗೆದ್ದವರು ನಾವೇ. ನನ್ನ ಕಾಲಿನ ನಡುವೆ ಚೆಂಡು ಹೋಗಲೇ ಇಲ್ಲ.

ಸರದಿ ಮುಗಿದ ದಿನ ನಿಮ್ಮ ತಂಡದವರೆಲ್ಲ ನಿಮ್ಮನೆ ಹಟ್ಟಿಯಂಗಳದಲ್ಲಿ ಕಾದಿದ್ದಿರಂತೆ. ನಾನು ಬರಲಿಲ್ಲ. ಮಧ್ಯಾಹ್ನ ನೀನೇ ಬಂದೆ, ಹುಷಾರಿಲ್ಲವೇನೋ ಅಂತ ನೋಡಲು. ಕೈಯಲ್ಲಿ ಡಬ್ಬಿ, ಅದರಲ್ಲಿ ನನ್ನ ಪಾಲಿನ ಕೇಸರಿಬಾತು. ನಾನು ಬಾಗಿಲಲ್ಲಿ ನಿಂತೇ ಹೇಳಿದೆ, ಸಾಹುಕಾರರ ಮಕ್ಕಳು ಬಂದು ಶೀಲ್ಡು ತೆಗೆದುಕೊಂಡು ಹೋದರು ಅಂತ. ಶೀಲ್ಡು ನಮ್ಮ ಅಟ್ಟದ ಮೇಲೆ ಹಳೇ ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಕೂತಿತ್ತು. ನಿನ್ನ ಮುಖ ಒಂದು ಗಳಿಗೆ ಇಳಿಯಿತು. ಆಮೇಲೆ ನೀನೇ ನನಗೆ ಸಮಾಧಾನ ಹೇಳಿದೆ.

"ಹೋಗ್ಲಿ ಬುಡು ಕಣೋ ಮಾದೇವ. ಅವ್ರ ಸಾಮಾನು, ಅವ್ರು ತಗಂಡ್ರು. ತಿನ್ನು, ಆರೋಯ್ತದೆ."

ತಿಂದೆ ಕಂಠಿ. ನಿನ್ನ ಎದುರಿಗೇ ಕೂತು ಪೂರ್ತಿ ತಿಂದೆ.

ಅಲ್ಲಿಂದ ಮುಂದೆ ನಾವು ಎದುರಾಳಿಗಳಾಗಿ ಉಳಿಯಲಿಲ್ಲ. ನಿನಗೆ ಕಡಕೊಳದ ಫ್ಯಾಕ್ಟರಿಯಲ್ಲಿ ಕೆಲಸ, ಆಮೇಲೆ ಕುವೆಂಪುನಗರದಲ್ಲಿ ಮನೆ, ನನಗೆ ಕೋರ್ಟಿನಲ್ಲಿ ಗುಮಾಸ್ತಗಿರಿ. ಮದುವೆ, ಮಕ್ಕಳು, ನಿನ್ನ ಸಕ್ಕರೆ ಕಾಯಿಲೆ, ನನ್ನ ಮಂಡಿ ನೋವು. ಭಾನುವಾರ ಬೆಳಿಗ್ಗೆ ನೀನು ಬಂದು ಅಟ್ಟದ ಕೆಳಗಿನ ಕುರ್ಚಿಯಲ್ಲಿ ಕೂರುತ್ತಿದ್ದೆ. ಒಂದು ಸಲ ಗೌರಿಹಬ್ಬಕ್ಕೆ ನನ್ನ ಹೆಂಡತಿ ಪಾತ್ರೆ ಇಳಿಸಲು ಅಟ್ಟ ಹತ್ತಿದಾಗ ಏಣಿ ಹಿಡಿದವನು ನೀನೇ. ಆ ಬೆಡ್‌ಶೀಟಿನ ಗಂಟು ಎಳೀಬೇಡ ಕಣಮ್ಮ, ಭಾರದ್ದೇನೋ ಇರೋ ಹಂಗಿದೆ ಅಂದೆ ನೀನು. ಇವತ್ತು ಹೇಳೇಬಿಡೋಣ ಅಂದುಕೊಂಡೆ. ಎಷ್ಟು ಭಾನುವಾರ ಹಾಗೆ ಅಂದುಕೊಂಡಿಲ್ಲ ನಾನು? ಅಷ್ಟರಲ್ಲಿ ನೀನು ಏನಾದರೂ ತಮಾಷೆ ಮಾಡುತ್ತಿದ್ದೆ, ಮತ್ತೆ…

ನಿನ್ನ ತಿಥಿಯೂಟ ಮುಗಿಸಿ ಬಂದ ದಿನವೇ ಏಣಿ ಹಾಕಿದೆ. ಆದರೆ ಇಳಿಸಿದ್ದನ್ನು ನಿಮ್ಮನೆಗೆ ಒಯ್ಯುವ ಧೈರ್ಯ ಬರಲು ಇಷ್ಟು ತಿಂಗಳು ಹಿಡಿಯಿತು. ಹುಣಸೆಹಣ್ಣು ಹಚ್ಚಿ ಉಜ್ಜಿದೆ. ಕೆತ್ತುವವನ ಹತ್ತಿರ ಹೋಗಿ, ಖಾಲಿ ಬಿಟ್ಟಿದ್ದ ಅರ್ಧದಲ್ಲಿ ನಿಮ್ಮ ತಂಡದ ಹೆಸರು ಹಾಕಿಸಿದೆ. ಪಕ್ಕದ ಅಕ್ಷರ ಕಪ್ಪಾಗಿದೆ, ಇದು ಹೊಸದಾಗಿ ಕಾಣುತ್ತೆ, ಪರವಾಗಿಲ್ವಾ ಸಾರ್ ಅಂತ ಕೇಳಿದ. ಕಾಣಲಿ ಅಂದೆ.

ಹೋದ ಭಾನುವಾರ ಶೀಲ್ಡನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಕುವೆಂಪುನಗರಕ್ಕೆ ಒಯ್ದೆ. ನಿನ್ನ ಹೆಂಡತಿ ಸರೋಜಮ್ಮ ಬಾಗಿಲು ತೆಗೆದರು. ಬೆಡ್‌ಶೀಟು ಬಿಚ್ಚಿ, ನಡೆದದ್ದನ್ನೆಲ್ಲ ಒಪ್ಪಿಸಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು. ಅವರಿಗೆ ಆಶ್ಚರ್ಯವೂ ಆಗಲಿಲ್ಲ ಕಂಠಿ. ಕುರ್ಚಿ ತೋರಿಸಿ ಕೂರಿಸಿದರು.

"ಅವ್ರಿಗೆ ಗೊತ್ತಿತ್ತು ಮಹದೇವಣ್ಣ. ಅದೇ ವಾರ ಸಾಹುಕಾರ್ರ ಮನೆಗೆ ಹೋಗಿದ್ರಂತೆ, ಶೀಲ್ಡ್ ಜೊತೆ ಒಂದು ಫೋಟೋ ತೆಗೆಸ್ಕೊಳ್ಳೋಣ ಅಂತ. ನಾವು ತಂದೇ ಇಲ್ವಲ್ಲ ಅಂದ್ರಂತೆ ಅವ್ರ ಮಕ್ಕಳು."

ಮದುವೆಯಾದ ಹೊಸದರಲ್ಲೇ ನೀನು ಅವರಿಗೆ ಇದನ್ನು ಹೇಳಿದ್ದೆಯಂತೆ. ಹಾಗಾದರೆ ಹೋಗಿ ಕೇಳಬಾರದಾ ಅಂದರಂತೆ ಅವರು. ಅದಕ್ಕೆ ನೀನು ಹೇಳಿದ ಮಾತನ್ನು ನಿನ್ನದೇ ಧಾಟಿಯಲ್ಲಿ ಹೇಳಿ ತೋರಿಸಿದರು.

"ಕೇಳ್ಬುಟ್ರೆ ಅವ್ನು ಇನ್ನು ನನ್ ಮುಖ ನೋಡಲ್ಲ ಕಣೆ. ಶೀಲ್ಡ್ ಸಿಕ್ತದೆ, ಮಾದೇವ ಹೋಯ್ತಾನೆ."

ಅತ್ತುಬಿಟ್ಟೆ. ಅರವತ್ತೈದು ವರ್ಷದವನು ಪರರ ಮನೆಯ ಹಜಾರದಲ್ಲಿ ಕೂತು ಅತ್ತೆ. ಅಲ್ಲ ಕಣೋ, ಗೊತ್ತಿದ್ದೂ ನನ್ನ ಮನೆಯ ಕಾಫಿ ಹೇಗೆ ಕುಡಿದೆ? ಆ ಏಣಿ ಹೇಗೆ ಹಿಡಿದೆ? ಒಂದು ಸಲ, ಒಂದೇ ಸಲ ಕಪಾಳಕ್ಕೆ ಹೊಡೆದು ಕೇಳಿದ್ದರೆ ನಾನೂ ಹಗುರಾಗುತ್ತಿದ್ದೆ. ನಾನು ನಿನಗೆ ಸುಳ್ಳು ಹೇಳಿದೆ ಕಂಠಿ. ತಪ್ಪಾಯಿತು. ನೀನು ಕೇಳಿಸಿಕೊಳ್ಳುವಾಗ ಹೇಳಬೇಕಿದ್ದ ಮಾತು ಇದು.

ನಾನು ಹೊರಡುವಾಗ ನಿನ್ನ ಮಗಳು ಆರು ತಿಂಗಳಾದ ಮೇಲೆ ವಾಪಸ್ ತಗೊಂಡು ಹೋಗ್ತೀರಾ ಅಂಕಲ್ ಅಂತ ಕೇಳಿದಳು. ನಿಯಮವನ್ನು ಅವಳಿಗೆ ವಿವರಿಸಿದೆ: ಇಬ್ಬರ ಸರದಿಯೂ ಸಮನಾಗಿರಬೇಕು. ನಾವು ಮೂವತ್ತಾರು ವರ್ಷ ಇಟ್ಟುಕೊಂಡಿದ್ದೇವೆ, ಇನ್ನು ಅಷ್ಟೇ ವರ್ಷ ನಿಮ್ಮದು. ಅಲ್ಲಿಗೆ ನನಗೆ ನೂರಾ ಒಂದು. ಆ ವಯಸ್ಸಿನಲ್ಲಿ ಮುದುಕನೊಬ್ಬ ಕೋಲೂರಿಕೊಂಡು ಬಂದು ಶೀಲ್ಡು ಕೇಳಿದರೆ ಕೊಡಬೇಡ ಅಂತ ಈಗಲೇ ಅವಳಿಗೆ ಹೇಳಿ ಬಂದಿದ್ದೇನೆ.

ನಿನ್ನ
ಮಹದೇವ