ಎರಡು ಗೇಜ್ ಪಟ್ಟಿ, ಒಂದೇ ನೀರು

ಪ್ರೀತಿಯ ಖಾಸೀಂ ಚಾಚಾ,

ನೀವಿದ್ದಾಗಲೇ ಬರೆಯಬೇಕಿದ್ದ ಕಾಗದ ಇದು. ನಾನು ಯಾವಾಗಲೂ ಹೀಗೇ, ತಡ.

ಎಂಬತ್ತರ ದಶಕದ ಗೊರೇಬಾಳದ ಕಾಲುವೆ ನೆನಪಿದೆಯೇ? ಅದರ ಗೇಜ್ ಪಟ್ಟಿ ನೋಡಿ ದಿನಾ ನೀರಿನ ಮಟ್ಟ ಬರೆಯುವವರು ನೀವು. ಬಿ.ಎಸ್ಸಿ. ಮುಗಿಸಿದ ಜಂಬದಲ್ಲಿ, ತಾತ್ಕಾಲಿಕ ನೌಕರಿಗೆ ಬಂದವಳು ನಾನು. ನೀವು ಶುಕ್ರವಾರದ ನಮಾಜಿಗೆ ಹೋಗಿದ್ದಾಗ ತುಕ್ಕು ಹಿಡಿದ ಗೇಜ್ ಪಟ್ಟಿ ಕೀಳಿಸಿ ಹೊಸದು ಹಾಕಿಸಿಬಿಟ್ಟೆ. ಅದು ಸ್ವಲ್ಪ ಕೆಳಗೆ ಕೂತಿತ್ತು. ನೀರು ಏರದಿದ್ದರೂ ಪುಸ್ತಕದಲ್ಲಿ ಏರಿತು. ನೀರು ಹೆಚ್ಚಾಯಿತೆಂದು ಸಾಹೇಬರು ಗೇಟು ಇಳಿಸಿದರು. ಹೊಸ ಪಟ್ಟಿ ಕೂತಿದ್ದು ಎಷ್ಟು ಕೆಳಗೆ? ಹಳೆಯದೇ ಇಲ್ಲವಲ್ಲ, ಯಾವುದಕ್ಕೆ ಹಿಡಿದು ನೋಡುವುದು...

ಮಸ್ಕಿ ಕಡೆಯ, ಕಾಲುವೆಯ ಕೊನೆಯ ಹೊಲದವರು ಬಂದು ಕೂಗಾಡಿದರು: "ನಿಮ್ಮ ಪುಸ್ತಕದಾಗ ಅಷ್ಟ ಐತ್ರೀ ನೀರು, ನಮ್ಮ ಗದ್ದ್ಯಾಗ ಎಲ್ಲೈತಿ?" ವಿಚಾರಣೆಯಲ್ಲಿ ಪಟ್ಟಿ ತೆಗೆಸಿದ್ದು ಯಾರೆಂದು ಕೇಳಿದರು. ಆ ಸಂಬಳದಲ್ಲೇ ನಾನು ಮುಂದೆ ಓದಬೇಕಿತ್ತು, ಅದು ನಿಮಗೆ ಗೊತ್ತಿತ್ತು. ನೀವೇ ಎದ್ದು ಹೇಳಿದಿರಿ: "ಪಟ್ಟಿ ನಾನ ತೆಗ್ಸೀನ್ರಿ, ಸಾಹೇಬ್ರ." ನಿಮ್ಮನ್ನು ಲಿಂಗಸುಗೂರಿಗೆ ವರ್ಗ ಮಾಡಿದರು. ನಾನು ಸುಮ್ಮನಿದ್ದೆ. ಹೇಡಿ.

ಬಸ್ಸಿಗೆ ಕಾಯುವಾಗಲೂ ನೀವು ಬೈಯಲಿಲ್ಲ. "ಎರಡೂ ಪಟ್ಟಿ ಒಂದಿಷ್ಟು ದಿನ ಜೋಡಿ ಇರಬೇಕವ್ವಾ," ಎಂದಿರಿ. "ಹಳೇದು ಏನ್ ಹೇಳ್ತೈತಿ, ಹೊಸದು ಏನ್ ಹೇಳ್ತೈತಿ, ಎರಡೂ ಬರ್ಕೋಬೇಕು. ಆಮ್ಯಾಲೆ ಹಳೇದಕ್ಕ ಸಲಾಂ."

ಈಗ ಹೈದರಾಬಾದಿನಲ್ಲಿ ಸಮುದ್ರದ ಮಟ್ಟದ ಲೆಕ್ಕ ಬರೆಯುತ್ತೇನೆ. ಅಳೆಯುವುದು ಆಕಾಶದಲ್ಲಿರುವ ಉಪಗ್ರಹ, ನಗಬೇಡಿ! ಹಳೆಯದಕ್ಕೆ ವಯಸ್ಸಾಯಿತೆಂದು, ಅದೇ ದಾರಿಯಲ್ಲಿ ಅದರ ಬೆನ್ನಿಗೇ ಹೊಸದನ್ನು ಬಿಟ್ಟರು. "ಹೊಸದು ಬಂತಲ್ಲ, ಇನ್ನು ಹಳೆಯದರ ಅಂಕಿ ಯಾಕೆ?" ಎಂದರು ನಮ್ಮ ಮೇಲಧಿಕಾರಿ. ನಾನು ಪಟ್ಟು ಬಿಡಲಿಲ್ಲ. ತಿಂಗಳುಗಟ್ಟಲೆ ಎರಡನ್ನೂ ಜೋಡಿಯಾಗಿ ಬರೆದೆವು. ಒಂದೇ ಸಮುದ್ರಕ್ಕೆ ಎರಡೂ ಬೇರೆ ಬೇರೆ ಎತ್ತರ ಹೇಳಿದವು! ಆ ವ್ಯತ್ಯಾಸ ಸರಿಪಡಿಸಿದ ಮೇಲೆ ದಾಖಲೆ ತುಂಡಾಗದೆ ಮುಂದುವರಿಯಿತು. ಇಲ್ಲದಿದ್ದರೆ ಸಮುದ್ರ ಒಂದೇ ದಿನದಲ್ಲಿ ಏರಿತೆಂದೋ ಇಳಿಯಿತೆಂದೋ ಬರೆದಿಡುತ್ತಿದ್ದೆವು. ಇದನ್ನು ಎಲ್ಲಿ ಕಲಿತಿರಿ ಎಂದು ಮೇಲಧಿಕಾರಿ ಕೇಳಿದರು. ನಿಮ್ಮ ಹೆಸರು ಹೇಳಿದೆ, ನನ್ನ ತಪ್ಪನ್ನೂ ಹೇಳಿದೆ. ನಿಮ್ಮ ಋಣ ದೊಡ್ಡದು ಚಾಚಾ.

ಹೋದ ವಾರ ಸಿಂಧನೂರಿಗೆ ಬಂದು ಚಾಚಿಯ ಮುಂದೆ ಕೂತು ಎಲ್ಲ ಒಪ್ಪಿಸಿದೆ. ನಿಮ್ಮ ಮನೆಯಲ್ಲಾದರೂ ಗೊತ್ತಿರುತ್ತದೆ ಅಂದುಕೊಂಡಿದ್ದೆ. ಚಾಚಿ ನನ್ನನ್ನೇ ನೋಡುತ್ತಾ, "ನಂಗೂ ಹೇಳ್ಲಿಲ್ಲ ನೋಡು ಬೇಟಿ. ತಪ್ಪು ನಂದ ಐತಿ ಅಂತಿದ್ರು, ಸಾಯೋತನಕ," ಎಂದರು. ಆಮೇಲೆ ಕಣ್ಣೊರೆಸಿಕೊಂಡು, ಒಳಗಿದ್ದ ನಿಮ್ಮ ಮಗಳಿಗೆ ಓಣಿಗೆಲ್ಲ ಕೇಳುವಂತೆ ಕೂಗಿದರು:

"ಬಾರೇ ಇಲ್ಲಿ! ಆ ಪಟ್ಟಿ ನಿಮ್ಮ ಅಬ್ಬಾ ತೆಗ್ಸಿರಲಿಲ್ಲಂತ!"

ನಿಮ್ಮ
ಶಾಂತಾ