ಎಂಜಿನ್ ಯಾಕೆ ಬಿಸಿಯಿದೆ

ಆರ್ಲೋ,

ಬೋಟು ನೋಡಲು ಡುಲೂತ್‌ನಿಂದ ಒಬ್ಬರು ಇನ್ನು ಸ್ವಲ್ಪ ಹೊತ್ತಿಗೆ ಬರುತ್ತಾರೆ. ನಾನು ಚರ್ಚಿಗೆ ಹೊರಟೆ, ನೀನೇ ತೋರಿಸು. ಹಿಂದಿನ ಸೀಟಿನ ಹತ್ತಿರ ತುಳಿದು ನೋಡಲಿ, ಹಲಗೆ ಎಲ್ಲೂ ಮೆತ್ತಗಾಗಿಲ್ಲ. ಹರಿದ ಸೀಟಿನ ಮೇಲೆ ಟವೆಲ್ ಹಾಸಬೇಡ. ಅವರು ಬಾಯಿ ಬಿಡುವ ಮೊದಲೇ ರೇಟು ಇಳಿಸಬೇಡ, ನಿನಗೆ ಆ ಚಾಳಿ ಇದೆ.

ಬಂದವರು ಮೊದಲು ಎಂಜಿನ್ ಮುಟ್ಟುತ್ತಾರೆ. ನಿನ್ನ ಭಾವ ಇದ್ದಾಗ ಹೇಳುತ್ತಿದ್ದರಲ್ಲ, "ಬಿಸಿ ಇದ್ರೆ ತಗೋಬೇಡ. ತಣ್ಣಗಿದ್ದಾಗ ಸ್ಟಾರ್ಟ್ ಆಗಲ್ಲ ಅಂತ ಮೊದ್ಲೇ ಓಡಿಸಿಟ್ಟಿರ್ತಾರೆ" ಅಂತ. ಇವತ್ತು ನಮ್ಮದೂ ಬಿಸಿಯಾಗಿದೆ. ಅನುಮಾನ ಬಂದರೆ ತಣ್ಣಗಾಗುವವರೆಗೆ ಕೂರಿಸಿ ಕಾಫಿ ಕೊಡು, ಆಮೇಲೆ ಅವರೇ ಕೀ ತಿರುಗಿಸಲಿ.

ಯಾಕೆ ಓಡಿಸಿದಿರಿ ಎಂದರೆ ಏನಾದರೂ ಹೇಳು. ಸಂಜೆ ಭಾವ ಮನೆಗೆ ಬರುತ್ತಿದ್ದ ಸದ್ದು ಅದೇ ತಾನೆ. ಅಡುಗೆಮನೆಯ ಕಿಟಕಿ ತೆರೆದಿಟ್ಟು ಇನ್ನೊಮ್ಮೆ ಕೇಳಿಕೊಂಡೆ.

ಅಕ್ಕ