ನಾಲ್ಕನೆಯ ಕೊಕ್ಕೆ

ಮಾರ್ಚ್ 3, ಬೆಳಿಗ್ಗೆ 6:00

986 ನೇತುಹಾಕಿ ಬಂದೆ. ಗೇಟಿನ ಬೋರ್ಡಿನಲ್ಲಿ ‘ದೂರಿಲ್ಲದ ದಿನಗಳು’ ಎಂದು ಬರಹ, ಕೆಳಗೆ ಮೂರು ಕೊಕ್ಕೆ, ತಗಡಿನ ಅಂಕಿಗಳು. ಆರು ಅಂದರೆ ತಲೆಕೆಳಗಾದ ಒಂಬತ್ತೇ. ಇಪ್ಪತ್ನಾಲ್ಕು ಮನೆಯ ಬಿಲ್ಡಿಂಗು, ಒಂದೂ ದೂರಿಲ್ಲ! ಬೇರೆ ಕಡೆಯವರು ಬಂದು ನೋಡಿ ಹೊಟ್ಟೆ ಉರಿದುಕೊಳ್ಳುತ್ತಾರೆ.

ದೂರಿನ ಪುಸ್ತಕದಲ್ಲಿ ಯಾರು ಒಂದು ಸಾಲು ಬರೆದರೂ ಲೆಕ್ಕ ಸೊನ್ನೆಗೆ. ಬರೆಯದೆ ಯಾವ ರಿಪೇರಿಯೂ ಇಲ್ಲ. ಪುಸ್ತಕ ನಮ್ಮ ಮನೆಯಲ್ಲೇ—ನಮ್ಮ ಯಜಮಾನರು ಸೆಕ್ರೆಟರಿ. ಅದಕ್ಕೆ ಕಟ್ಟಿದ ಪೆನ್ನು ಒಣಗಿ ಯಾವ ಕಾಲವಾಯಿತೋ.

17ಕ್ಕೆ ಸಾವಿರ. ನಾಲ್ಕಂಕಿಗೆ ಜಾಗ ಬೇಕಲ್ಲ, ಇವತ್ತು ಬಡಗಿ ಬಂದು ನಾಲ್ಕನೆಯ ಕೊಕ್ಕೆ ಹೊಡೆಯುತ್ತಾನೆ.

ಮಾರ್ಚ್ 5, ಮಧ್ಯಾಹ್ನ

ಮೂರನೇ ಮಹಡಿಯ ಸಂಗೀತದ ಮೇಡಂ ಬಂದಿದ್ದರು. “ಟೆರೇಸಿಗೆ ಹೋಗೋ ಮೆಟ್ಟಿಲಿನ ರೇಲಿಂಗ್ ಅಲ್ಲಾಡ್ತಿದೆ. ಪುಸ್ತಕ ಕೊಡ್ತೀರಾ?”

ಟೀ ಕೊಟ್ಟೆ. ಪುಸ್ತಕ ಕೊಡಲಿಲ್ಲ. “ಸಾವಿರ ಆಗ್ಲಿ ಮೇಡಂ, ಆಮೇಲೆ ನಾನೇ ಬರೀತೀನಿ.”

“ಸರಿ ಬಿಡಿ,” ಅಂದರು. ಟೀ ಅರ್ಧಕ್ಕೇ ಬಿಟ್ಟು ಹೋದರು. ಜಾಣತನ ಮಾಡಿದೆ ಅನ್ನಿಸಿತು. ಆಮೇಲೆ ಮೇಲೆ ಹೋಗಿ ನೋಡಿದೆ... ಕೈಯಿಟ್ಟರೆ ಹೊರಕ್ಕೆ ವಾಲುತ್ತದೆ. ಬಟ್ಟೆ ಒಣಹಾಕುವ ಹಗ್ಗದಿಂದ ಬಿಗಿದು ಕಟ್ಟಿ ಬಂದೆ.

ಮಾರ್ಚ್ 12

ಏಳು ದಿನ ಬರೆಯಲಾಗಲಿಲ್ಲ.

ಮೇಡಂ ಬಿದ್ದರು. 9ನೇ ತಾರೀಕು, ಟೆರೇಸಿನಿಂದ ಬಟ್ಟೆ ತರಲು ಹೋದಾಗ. ಹಗ್ಗ ಕಟ್ಟಿದ್ದರೂ ರೇಲಿಂಗ್ ವಾಲಿತು. ಪುಣ್ಯಕ್ಕೆ ಒಳಗಡೆಗೆ, ಮೆಟ್ಟಿಲ ಮೇಲೆ. ಬಲಗೈ ಮುರಿದಿದೆ. ಸಂಜೆಯೊಳಗೆ ಇಡೀ ಬಿಲ್ಡಿಂಗಿನದು ಒಂದೇ ಮಾತು—ಬಾತ್‌ರೂಮಿನಲ್ಲಿ ಜಾರಿದರಂತೆ. ನೋಡಲು ಹೋದೆ. “ಬಾತ್‌ರೂಮಲ್ಲಿ ಜಾರ್ದೆ,” ಅಂದರು. ನನ್ನ ಮುಖವನ್ನೇ ನೋಡಿಕೊಂಡು ಅಂದರು. ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಇವತ್ತು ನನ್ನ ಹಗ್ಗವೂ ಇಲ್ಲ. ಯಾರೋ ಬಿಚ್ಚಿಹಾಕಿದ್ದಾರೆ. 17ಕ್ಕೆ ಟೆರೇಸಿನಲ್ಲಿ ಎಲ್ಲರ ಗ್ರೂಪ್ ಫೋಟೋ, ಹಗ್ಗ ಅಸಹ್ಯವಾಗಿ ಕಾಣುತ್ತದಂತೆ. ಇಪ್ಪತ್ನಾಲ್ಕು ಮನೆ. ಮಕ್ಕಳು ಮರಿ ಎಲ್ಲ ಅದೇ ಮೆಟ್ಟಿಲು ಹತ್ತುತ್ತಾರೆ. ಅದೇ ರೇಲಿಂಗ್ ಹಿಡಿಯುತ್ತಾರೆ.

ಮಾರ್ಚ್ 16, ಸಂಜೆ

999.

ರೇಲಿಂಗ್ ವಿಷಯ ಪುಸ್ತಕದಲ್ಲಿ ಬರೆಯಬೇಕು ಅಂತ ಇವರಿಗೆ ಹೇಳಿಯೇಬಿಟ್ಟೆ. ಸಿಡುಕಿದರು: “ತಲೆ ನೆಟ್ಟಗಿದೆಯಾ ನಿಂಗೆ? ಒಂದೇ ಒಂದು ದಿನ ಬಾಯ್ಮುಚ್ಕೊಂಡು ಇರಕ್ಕಾಗಲ್ವಾ?”

“ಫೋಟೋನಾದ್ರೂ ಕೆಳಗೆ ತೆಗೆಸಿ.”

“ಯಾಕೆ ಅಂತ ಕೇಳ್ತಾರೆ! ನೀನು ಹೀಗಿರ್ಲಿಲ್ಲ ಕಣೇ.”

ನಿಜ. ಹೀಗಿರಲಿಲ್ಲ. ಮದುವೆಯಾದಾಗಿನಿಂದ ‘ಪರವಾಗಿಲ್ಲ’ ಅಂದುಕೊಂಡೇ ಬಂದವಳು. ನಾಳೆ ಬರೆದರೆ ಒಬ್ಬರೂ ಮಾತಾಡಿಸುವುದಿಲ್ಲ. ಇವರೂ. ಭಯವಾಗುತ್ತಿದೆ. ತುಂಬಾ.

ಅತ್ತೆಗೆ ಎಲ್ಲ ಕೇಳಿಸಿದೆ. ಬರೆಯದೆ ಯಾಕೆ ಕೂತೆ ಅಂದದ್ದಕ್ಕೆ ಪುಸ್ತಕದ ಪೆನ್ನು ಒಣಗಿದೆ ಅಂತ ನೆಪ ಹೇಳಿದೆ. “ನಿನ್ನ ಡೈರಿ ಪೆನ್ನಿಗೇನಾಗಿದೆ? ದಿನಾ ಕೂತು ಗೀಚ್ತೀಯಲ್ಲ,” ಅಂದರು. ಅಷ್ಟೇ ಅಂದು ಬೀನ್ಸ್ ಬಿಡಿಸಲು ಕೂತರು.

ಮಾರ್ಚ್ 17, ಬೆಳಿಗ್ಗೆ 6:10

ಬರೆದೆ. “ಟೆರೇಸ್ ಮೆಟ್ಟಿಲಿನ ರೇಲಿಂಗ್ ಕಳಚಿದೆ. ಯಾರೂ ಹತ್ತಬೇಡಿ. ಮೂರನೇ ಮಹಡಿಯವರು 5ರಂದೇ ಹೇಳಿದ್ದರು, ನಾನು ಬರೆಯಲು ಬಿಡಲಿಲ್ಲ.” ಕೆಳಗೆ ಸಹಿ.

ಗೇಟಿಗೆ ಹೋಗಿ ಬಂದೆ. ಈಗ ಬೋರ್ಡಿನಲ್ಲಿ ನಾಲ್ಕು ಕೊಕ್ಕೆ. ಒಂದೇ ಸೊನ್ನೆ.

6:25

ಕಿಟಕಿಯ ಹತ್ತಿರ ಕೂತಿದ್ದೇನೆ. ಹಾಲಿಗೆ ಹೊರಟ ಎದುರುಮನೆಯವರು ಬೋರ್ಡಿನ ಮುಂದೆ ನಿಂತರು. ಈಗ ಐದು ಜನ. ಎಂಟು. ಎಲ್ಲರ ಕಣ್ಣು ನಮ್ಮ ಕಿಟಕಿಯ ಮೇಲೆ. ಇವರು ಎದ್ದರು, ವಿಷಯ ಇನ್ನೂ ಗೊತ್ತಿಲ್ಲ.

ಬೆಲ್.

ಇವರೇ ಬಾಗಿಲು ತೆಗೆದರು. ಸಂಗೀತದ ಮೇಡಂ ದನಿ: “ಪುಸ್ತಕ ಕೊಡಿ. ಎಡಗೈಲೇ ಬರೀತೀನಿ, ಸೊಟ್ಟ ಆದ್ರೆ ಆಗ್ಲಿ. ಬಾತ್‌ರೂಮಲ್ಲಿ ಬಿದ್ದಿದ್ದಲ್ಲ ಅಂತ ಬರೀಬೇಕು.”

ಮೆಟ್ಟಿಲ ಮೇಲೆ ಇನ್ನೂ ಹೆಜ್ಜೆ ಸದ್ದು. ಬೈಯಲು ಬಂದವರೋ ಬರೆಯಲು ಬಂದವರೋ... ಅತ್ತೆ ಕೂಗುತ್ತಿದ್ದಾರೆ, “ಪೆನ್ನು ತಾರೇ!”

ಪೆನ್ನು ನನ್ನ ಕೈಯಲ್ಲೇ—